ಅವ್ವ ಗಿಡುಗ ಹಿಡಿದ ಗುರುವಾರ

ನಾವು ಕೋಳಿ ತಿಂದು ಸಮುದ್ರದಲ್ಲಿ ಕೈ ತೊಳೆಯುತ್ತಿದ್ದೆವು. ತಿಂಗಳಿಗೊಂದು ಶುಕ್ರವಾರ ಅಪ್ಪ ನನ್ನನ್ನೂ ಅವ್ವನನ್ನೂ ಕುವೈತಿನ ಖೈತಾನ್‌ನಲ್ಲಿ ಬಸ್ಸು ಹತ್ತಿಸಿ ಸಾಲ್ಮಿಯಾಕ್ಕೆ ಕರಕೊಂಡು ಹೋಗುವುದು, ದಂಡೆಯ ಬೆಂಚಿನ ಮೇಲೆ ಕೂತು ಕರಿದ ಕೋಳಿಯ ಡಬ್ಬಿ ಬಿಚ್ಚುವುದು, ಮೂವರೂ ಮಾತಿಲ್ಲದೆ ಗಬಗಬ ತಿನ್ನುವುದು, ಆಮೇಲೆ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಉಪ್ಪುನೀರಿನಲ್ಲಿ ಬೆರಳು ಉಜ್ಜುವುದು. ಅವ್ವ ನನ್ನ ಗದ್ದ ಹಿಡಿದು ಬಾಯಿ ತೆಗೆಸಿ ಹಲ್ಲಿನ ಸಂದಿ ನೋಡುತ್ತಿದ್ದಳು. ಪರ್ಸಿನೊಳಗಿಂದ ಬಡೇಸೋಪು ತೆಗೆದು ಮೂವರಿಗೂ ಹಂಚುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಪರೀಕ್ಷೆ.

"ಏನ್ ತಿಂದ್ರಿ ಅಂತ ಶಾಂತಾ ಆಂಟಿ ಕೇಳಿದ್ರ ಏನಂತಿ?"

"ಫಲಾಫಲ್."

"ಮತ್ತ?"

"ಮತ್ತ ಏನಿಲ್ಲ. ಫಲಾಫಲ್, ಜ್ಯೂಸ್."

"ಎಷ್ಟ ಫಲಾಫಲ್?"

ಹೀಗೆ. ಪೊಲೀಸರೂ ಅಷ್ಟು ಕೇಳಲಿಕ್ಕಿಲ್ಲ. ಒಮ್ಮೆ ತಡವರಿಸಿದ್ದಕ್ಕೆ ತೊಡೆ ಚಿವುಟಿದ್ದಳು. ಹತ್ತು ವರ್ಷದ ಹುಡುಗಿ ನಾನು, ಸುಳ್ಳು ಹೇಳುವುದನ್ನು ಮಗ್ಗಿ ಕಲಿತ ಹಾಗೆ ಕಲಿತೆ. ಸುಳ್ಳಿನಲ್ಲಿ ಒಂದು ಸಣ್ಣ ವಿವರ ಸೇರಿಸಿದರೆ ಜನ ನಂಬುತ್ತಾರೆ ಎಂಬುದನ್ನು ಮಾತ್ರ ನಾನೇ ಕಂಡುಹಿಡಿದೆ. "ಫಲಾಫಲ್ ಒಳಗ ಉಪ್ಪಿನಕಾಯಿ ಭಾಳ ಹಾಕಿದ್ರು ಆಂಟಿ" ಅಂದರೆ ಸಾಕು, ಮುಂದೆ ಪ್ರಶ್ನೆಯೇ ಇರುತ್ತಿರಲಿಲ್ಲ.

ಇಷ್ಟೆಲ್ಲ ಯಾಕೆಂದರೆ ನಮ್ಮದು ಅರ್ಧ ಮನೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಬಾಗಲಕೋಟೆ ಕಡೆಯ ಮಹಾಂತೇಶ ಅಂಕಲ್, ಶಾಂತಾ ಆಂಟಿ ಮತ್ತು ಅವರ ನಾಲ್ಕು ವರ್ಷದ ಮಗಳು ಪುಟ್ಟಿಯದು. ನಡುವಿನ ಹಾಲ್, ಅಡಿಗೆಮನೆ, ಬಚ್ಚಲು, ಫ್ರಿಜ್ಜು ಇಬ್ಬರಿಗೂ ಸೇರಿದ್ದು. ಬಾಡಿಗೆ ಕರಾರು ಅಂಕಲ್ ಹೆಸರಿನಲ್ಲಿತ್ತು. ಬಂದ ಮೊದಲ ದಿನವೇ ಆಂಟಿ ನಗುನಗುತ್ತಾ, "ಅಡಿಗಿಮನ್ಯಾಗ ತತ್ತಿ ಸೈತ ನಡಿಯಂಗಿಲ್ಲ ನೋಡ್ರಿ, ಅದೊಂದ ಮೊದಲಽ ಹೇಳಿಬಿಡ್ತೀನಿ" ಅಂದಿದ್ದರು. ಅವ್ವ ತಡಮಾಡಲಿಲ್ಲ: "ಅಯ್ಯ, ನಾವೂ ಮುಟ್ಟಂಗಿಲ್ರೀ!" ಅಪ್ಪ ಶುಐಬಾದ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರನ ಕೈಕೆಳಗಿನ ಹೆಲ್ಪರ್. ಅವನ ಪಗಾರದಲ್ಲಿ ಇಡೀ ಫ್ಲ್ಯಾಟು ಹಿಡಿಯುವುದು ಕನಸಿನ ಮಾತು. ಈ ಕೋಣೆ ಹೋಯಿತೋ, ಅಪ್ಪ ಬ್ಯಾಚಲರ್ ಕ್ಯಾಂಪಿಗೆ, ನಾನೂ ಅವ್ವನೂ ವಿಮಾನ ಹತ್ತಿ ಗದಗಕ್ಕೆ. ಗದಗ ಎಂದರೆ ಗದಗ ಅಲ್ಲ, ಸೆಟ್ಲಮೆಂಟು. ನಾವು ಹರಣಶಿಕಾರಿಗಳು. ನಮ್ಮ ಹಿರಿಯರು ಬಲೆ, ಉರುಲು ಹೊತ್ತು ಊರೂರು ತಿರುಗಿ ಪುರಲಿ ಹಕ್ಕಿ, ಕೌಜುಗ, ಮೊಲ ಹಿಡಿದು ಸಂತೆಯಲ್ಲಿ ಮಾರಿದವರು. ಬ್ರಿಟಿಷರು ಅವರನ್ನೆಲ್ಲ ಕಳ್ಳರ ಪಟ್ಟಿಗೆ ಸೇರಿಸಿ, ಮುಳ್ಳುತಂತಿ ಸುತ್ತಿ ಒಂದು ಕಡೆ ಕೂಡಿಹಾಕಿದ ಜಾಗಕ್ಕೆ ಸೆಟ್ಲಮೆಂಟು ಎಂಬ ಹೆಸರು. ತಂತಿ ಹೋಗಿ ಎಷ್ಟೋ ಕಾಲವಾಗಿತ್ತು, ಹೆಸರು ಹೋಗಿರಲಿಲ್ಲ. ನಾನು ಒಂದನೇ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ಬಳಪದ ಡಬ್ಬಿ ಕಾಣೆಯಾದರೆ ಮಾಸ್ತರು ಮೊದಲು ತೆಗೆಸುತ್ತಿದ್ದದ್ದು ನನ್ನ ಪಾಟೀಚೀಲ. ಅದನ್ನು ಕಣ್ಣಾರೆ ಕಂಡ ದಿನ ಅವ್ವ ಅಪ್ಪನಿಗೆ ಕಾಗದ ಬರೆಸಿದಳಂತೆ, ನಮ್ಮನ್ನೂ ಕರೆಸಿಕೋ ಎಂದು. ಕುವೈತಿನಲ್ಲಿ ಯಾರೂ ಕೇಳುವುದಿಲ್ಲ ಎನ್ನುವುದೇ ಅವಳ ಪಾಲಿನ ಸ್ವರ್ಗ. ಹಾಗಾಗಿ ನಮ್ಮ ಮನೆಮಾತನ್ನು ಅವ್ವ ಮನೆಯಲ್ಲೇ ನಿಷೇಧಿಸಿಬಿಟ್ಟಳು. ಬಾಗಿಲು ಮುಚ್ಚಿ ಜಗಳವಾಡುವಾಗ ಮಾತ್ರ ಅವಳೂ ಅಪ್ಪನೂ ಆ ಮಾತಿನಲ್ಲಿ ಪಿಸುಗುಟ್ಟುತ್ತಿದ್ದರು, ಹೀಗಾಗಿ ಬರಬರುತ್ತಾ ನನಗೆ ನಮ್ಮ ಭಾಷೆ ಜಗಳಕ್ಕಷ್ಟೇ ಉಳಿದ ಭಾಷೆ ಅನ್ನಿಸಿತ್ತು.

ಶಾಂತಾ ಆಂಟಿ ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ನನಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆಬಟ್ಟೆ ಇಟ್ಟು ಕೂತವರು ಅವರು. ರೊಟ್ಟಿ ಬಡಿಯುವಾಗ ಮೊದಲ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ನನ್ನ ಕೈಗೆ ಕೊಡುತ್ತಿದ್ದರು. ಅವರ ಕೈರೊಟ್ಟಿ ತಿನ್ನುತ್ತಾ ಅವರಿಗೇ ಸುಳ್ಳು ಹೇಳುವುದು ನನಗೆ ಕಷ್ಟವಾಗುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಕಷ್ಟವಾಗುತ್ತಿರಲಿಲ್ಲ. ಸಲೀಸಾಗಿ ಹೇಳುತ್ತಿದ್ದೆ.

ಕಾರ್ಖಾನೆಯ ಗೇಟಿನಲ್ಲಿ ಬೂ ಸಾಲೆಂ ಎಂಬ ಮುದುಕ ಕಾವಲುಗಾರನಿದ್ದ. ಮರುಭೂಮಿಯ ಅಲೆಮಾರಿ ಬದೂ ಜನದವನು. ವರ್ಷವಿಡೀ ಗೇಟು ಕಾಯುವುದು, ಸೆಕೆ ಇಳಿದು ಗಿಡುಗಗಳು ದಕ್ಷಿಣಕ್ಕೆ ಹಾರುವ ಕಾಲ ಬಂತೆಂದರೆ ರಜೆ ಬರೆದು ಮರಳಿಗೆ ಹೋಗಿಬಿಡುವುದು. ಅವನಂಥ ಐದಾರು ಮಂದಿ ವಾರಗಟ್ಟಲೆ ಡೇರೆಯಲ್ಲಿದ್ದು, ನೆಲದಲ್ಲಿ ಸೊಂಟದಷ್ಟು ಗುಂಡಿ ತೋಡಿ ಅದರೊಳಗೆ ಅಡಗಿ, ಆಕಾಶ ನೋಡುತ್ತಾ ಕೂರುತ್ತಿದ್ದರಂತೆ. ಪಾರಿವಾಳದ ಬೆನ್ನಿಗೆ ಉರುಲುಗಳ ಅಂಗಿ ತೊಡಿಸಿ ಬಿಡುವುದು. ಗಿಡುಗ ಮೇಲಿಂದ ಎರಗಿದರೆ ಅದರ ಬೆರಳು ಉರುಲಿಗೆ ಸಿಕ್ಕಿ ಪಾರಿವಾಳದ ಸಮೇತ ನೆಲಕ್ಕೆ. ಒಂದು ದಿನ ಬೂ ಸಾಲೆಂ ಗೇಟಿನಲ್ಲಿ ಕೂತು ನೈಲಾನ್ ದಾರದಲ್ಲಿ ಆ ಉರುಲು ಕಟ್ಟುವುದನ್ನು ಅಪ್ಪ ನೋಡಿದ. ನೋಡಿ ಸುಮ್ಮನೆ ಬರಬೇಕಿತ್ತು. ಬರಲಿಲ್ಲ, ನಕ್ಕ. ಗಂಟು ಜಾರುತ್ತದೆ ಅಂದ. ಕೈಯಿಂದ ದಾರ ಇಸಿದುಕೊಂಡು ನಮ್ಮಜ್ಜ ಪುರಲಿಗೆ ಕಟ್ಟುತ್ತಿದ್ದ ಗಂಟು ಕಟ್ಟಿ ತೋರಿಸಿದ, ನೈಲಾನಿಗಿಂತ ಕುದುರೆಬಾಲದ ಕೂದಲು ಒಳ್ಳೆಯದು ಎಂದೂ ಹೇಳಿದ. ಮುಂದಿನ ಗುರುವಾರ ಮಧ್ಯಾಹ್ನ ಬೂ ಸಾಲೆಂನ ಪಿಕಪ್ಪು ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಹಾರ್ನು ಹೊಡೆಯಿತು.

ಕೊಲ್ಲಿ ಯುದ್ಧ ಮುಗಿದು ಕೆಲವೇ ವರ್ಷವಾಗಿತ್ತು, ಮರಳಿನಲ್ಲಿ ಇನ್ನೂ ಸಿಡಿಗುಂಡುಗಳು ಹೂತಿದ್ದವು. ಶಾಲೆಯಲ್ಲಿ ನಮಗೆ ಅವುಗಳ ಚಿತ್ರ ತೋರಿಸಿ, ಮುಟ್ಟಬೇಡಿ ಎಂದು ಹೇಳುತ್ತಿದ್ದರು. ಪ್ರತಿ ವಾರ ಅಪ್ಪ ಬೂ ಸಾಲೆಂ ಜೊತೆ ಡೇರೆಗೆ ಹೋದ ಗುರುವಾರದಿಂದ ಅವನು ಬರುವ ಶುಕ್ರವಾರ ಸಂಜೆಯವರೆಗೂ ಅವ್ವ ಊಟ ಮಾಡುತ್ತಿರಲಿಲ್ಲ, ಆಂಟಿ ಕೇಳಿದರೆ ಉಪವಾಸ ಎನ್ನುತ್ತಿದ್ದಳು. ಅವನು ಮಾತ್ರ ಕಟ್ಟಿಗೆ ಹೊಗೆ, ಕುರಿತುಪ್ಪಳದ ವಾಸನೆ ಹೊತ್ತು ನಗುತ್ತಾ ಬರುತ್ತಿದ್ದ. ವಾರವಿಡೀ ಫಿಟ್ಟರನ ಬಾಯಲ್ಲಿ ಏಯ್, ಓಯ್ ಅನ್ನಿಸಿಕೊಳ್ಳುವ ಮನುಷ್ಯ.

"ಅಲ್ಲಿ ನನಗ ಉಸ್ತಾದ್ ಅಂತಾರ, ಗೊತ್ತೇನ?"

"ಅನ್ಲಿ. ಉಸ್ತಾದ್ ಅಂತ ಬರದ ಗೋರಿ ಕಟ್ಟಸ್ತಾರ," ಅಂದಳು ಅವ್ವ.

ಆಮೇಲೆ ಬಂತು ಆ ಶುಕ್ರವಾರ. ಸಂಜೆ ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಕೆಂಪು ಚೌಕಳಿ ಬಟ್ಟೆಯ ಗಂಟು, ಗಂಟಿನಿಂದ ಹೊರಗೆ ಒಂದು ಪುಟ್ಟ ತಲೆ. ತಲೆಗೆ ಕಣ್ಣು ಮುಚ್ಚುವ ಚರ್ಮದ ಟೊಪ್ಪಿಗೆ. ಅದಕ್ಕೆ ಬೂ ಸಾಲೆಂ ಬುರ್ಖಾ ಎನ್ನುತ್ತಿದ್ದನಂತೆ. ಶಾಹೀನ್ ಗಿಡುಗ, ಆ ಋತುವಿನಲ್ಲಿ ಅವರ ಡೇರೆಗೆ ಸಿಕ್ಕಿದ್ದರಲ್ಲೆಲ್ಲ ದೊಡ್ಡದು. ಸಿಕ್ಕಿದ್ದು ಅಪ್ಪ ಕಟ್ಟಿದ ಉರುಲಿಗೇ. ಆದರೆ ಉರುಲು ಬಿಗಿದು ಒಂದು ಬೆರಳು ಕೊಯ್ದಿತ್ತು. ಬೂ ಸಾಲೆಂನ ರಜೆ ಮುಗಿದಿತ್ತು, ಮರುದಿನ ಗೇಟಿಗೆ ಹಾಜರಾಗಬೇಕು. ಅಪ್ಪ ದೊಡ್ಡ ಮನುಷ್ಯನ ಹಾಗೆ, ಉರುಲು ನನ್ನದು, ಗಾಯವೂ ನನ್ನದು, ಗುರುವಾರ ಸಂಜೆಯವರೆಗೆ ನಾನು ವಾಸಿಮಾಡಿ ಕೊಡುತ್ತೇನೆ ಎಂದು ಮಾತು ಕೊಟ್ಟು ಹಕ್ಕಿಯನ್ನು ಮನೆಗೇ ತಂದುಬಿಟ್ಟಿದ್ದ. ಅವ್ವ ಕೋಣೆಯ ಬಾಗಿಲು ಹಾಕಿದಳು. ಜಗಳದ ಭಾಷೆ ಶುರುವಾಯಿತು.

"ತಲಿ ನೆಟ್ಟಗೈತೇನ? ಇದು ಏನ್ ತಿಂತೈತಿ? ಇವರ ಮನ್ಯಾಗ ಅದನ್ನ ಎಲ್ಲಿ ಇಡ್ಲಿ, ನನ್ನ ತಲೀ ಮ್ಯಾಲೆ?"

"ಆರ ದಿನ. ನಾ ಟಿಫಿನ್ ಡಬ್ಬ್ಯಾಗ ತರ್ತೀನಿ. ಫ್ರಿಜ್ಜಿನ್ಯಾಗ ಇಡಂಗಿಲ್ಲ, ಐಸ್ ಹಾಕಿ ಫ್ಲಾಸ್ಕಿನ್ಯಾಗ ಇಡ್ತೀನಿ."

"ರೂಮ್ ಹೋತಂದ್ರ?"

ಅಪ್ಪ ಹಕ್ಕಿಯ ಮೇಲೆ ಬಗ್ಗಿದ್ದ. ಗಾಯದ ಬೆರಳಿಗೆ ಅರಿಶಿನ ಹಚ್ಚುತ್ತಿದ್ದ, ಹಕ್ಕಿಯ ಕಾಲು ಅವನ ಎರಡು ಬೆರಳ ನಡುವೆ ಅಲುಗಾಡದೆ ಇತ್ತು. ಅವ್ವ ಬಯ್ಯುತ್ತಾ ಬಯ್ಯುತ್ತಾ ಹತ್ತಿರ ಹೋಗಿ, "ಹಂಗಲ್ಲ, ರೆಕ್ಕಿ ಒತ್ತಬ್ಯಾಡ" ಅಂದಳು. ಅಂದವಳು ನನ್ನ ಕಡೆ ನೋಡಿ ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡಳು.

ಆರು ದಿನ ನಾವು ಮೂವರೂ ಉಸಿರು ಬಿಗಿಹಿಡಿದು ಬದುಕಿದೆವು. ಹಕ್ಕಿ ನಮ್ಮ ಮಂಚದ ಪಕ್ಕ, ಮರಳಿನ ಬಕೀಟಿಗೆ ಊರಿದ ಕೋಲಿನ ಮೇಲೆ ಕೂತಿರುತ್ತಿತ್ತು. ಗಾಯಕ್ಕೆ ನೋವಾಗಬಾರದೆಂದು ಅಪ್ಪ ಕಾಲಿನ ಬಾರನ್ನು ಸಡಿಲ ಕಟ್ಟಿದ್ದ. ಬೆಳಿಗ್ಗೆ ಅವನು ಡ್ಯೂಟಿಗೆ ಹೋಗುವ ಮೊದಲು, ಬಾಗಿಲಿನ ಸಂದಿಗೆ ಟವೆಲು ತುರುಕಿ, ಫ್ಲಾಸ್ಕಿನಿಂದ ಪಾರಿವಾಳದ ಮಾಂಸದ ಚೂರು ತೆಗೆದು ತಿನ್ನಿಸುತ್ತಿದ್ದ. ಅವ್ವ ಊದಿನಕಡ್ಡಿಯ ಮೇಲೆ ಊದಿನಕಡ್ಡಿ ಹಚ್ಚುತ್ತಿದ್ದಳು. "ಏನ್ರೀ, ಈ ಸಲ ಭಕ್ತಿ ಭಾಳ ಆತಲ್ಲ!" ಎಂದು ಮಹಾಂತೇಶ ಅಂಕಲ್ ತಮಾಷೆ ಮಾಡಿದರು. ಗಾಯಗೊಂಡ ಹಕ್ಕಿ, ಅಪ್ಪನ ದೋಸ್ತನದು, ನಾಲ್ಕು ದಿನ ಇರುತ್ತದೆ ಎಂದಷ್ಟೇ ಅವರಿಗೆ ಹೇಳಿದ್ದೆವು. ಅವರಿಬ್ಬರೂ ಮರುಗಿದರು. ಪುಟ್ಟಿ ದಿನಾ ಬಾಗಿಲಲ್ಲಿ ನಿಂತು, "ಬರ್ಡ್ ಸ್ಲೀಪಿಂಗ್?" ಎಂದು ಕೇಳಿ ಹೋಗುತ್ತಿದ್ದಳು.

"ಅಲ್ರೀ, ಅದು ಏನ್ ತಿಂತೈತ್ರಿ?" ಎಂದು ಆಂಟಿ ಕೇಳಿಯೇ ಕೇಳಿದರು.

"ಕಾಳು ತಿಂತೈತ್ರಿ," ಅಂದಳು ಅವ್ವ. "ಹೆಸರಕಾಳು."

ಸಣ್ಣ ವಿವರ ಸೇರಿಸಿದಳು ನೋಡಿ. ನನ್ನಿಂದಲೇ ಕಲಿತಿರಬೇಕು.

ಗುರುವಾರ ನಮಗೆ ಶಾಲೆಗೆ ರಜೆ. ಅಪ್ಪ ಅರ್ಧ ದಿನದ ಡ್ಯೂಟಿಗೆ ಹೋಗಿದ್ದ. ಅವ್ವ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಹಾಲಿನಲ್ಲಿ ಹೋಮ್‌ವರ್ಕ್ ಹರಡಿಕೊಂಡಿದ್ದೆ. ಶಾಂತಾ ಆಂಟಿ ಒಂದು ಬಟ್ಟಲು ಹಿಡಕೊಂಡು ನಮ್ಮ ಕೋಣೆಗೆ ಹೋದದ್ದನ್ನು ನೋಡಿದೆ. ಬಟ್ಟಲಲ್ಲಿ ರಾತ್ರಿ ನೆನೆಹಾಕಿದ ಹೆಸರುಕಾಳು. ಏಳಬೇಕು ಅನ್ನಿಸುವಷ್ಟರಲ್ಲಿ ಅವರ ದನಿ ಕೇಳಿತು: "ಪಾಪ, ಕಣ್ಣ ಕಟ್ಟಿ ಇಟ್ಟರ ಹೆಂಗ ತಿಂದೀತು..." ಟೊಪ್ಪಿಗೆ ತೆಗೆದುಬಿಟ್ಟರು.

ಮುಂದಿನದು ಸದ್ದು. ರೆಕ್ಕೆ ಬಡಿತ, ಬಟ್ಟಲು ಬಿದ್ದದ್ದು, ಆಂಟಿಯ ಕಿರುಚು. ಸಡಿಲ ಬಾರು ಜಾರಿತ್ತು. ಗಿಡುಗ ಬಾಗಿಲಿನಿಂದ ಹಾಲಿಗೆ ನುಗ್ಗಿ, ಬಾಲ್ಕನಿಯ ಗಾಜಿಗೆ ಅಪ್ಪಳಿಸಿ, ಮತ್ತೆ ಎದ್ದು ಪರದೆಯ ಕೋಲಿನ ಮೇಲೆ ಕೂತಿತು. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಅದರ ಕೆಳಗೆ ಸರಿಯಾಗಿ ಪುಟ್ಟಿ ನಿಂತು ಅಳುತ್ತಿದ್ದಳು. ಗಾಜಿನ ಬಾಗಿಲು ಅಂಗೈಯಷ್ಟು ತೆರೆದಿತ್ತು. ಇನ್ನೊಂದು ಸಲ ಹಾರಿದರೆ ಒಂದೋ ಅದರ ರೆಕ್ಕೆ ಮುರಿಯಬೇಕು, ಇಲ್ಲಾ ಹಕ್ಕಿ ಹೊರಗೆ ಹೋಗಬೇಕು, ಇಲ್ಲಾ ಮಗುವಿನ ಮುಖಕ್ಕೆ ಉಗುರು ಬೀಳಬೇಕು. ಆಂಟಿ ಕೋಣೆಯ ಬಾಗಿಲಲ್ಲಿ ಎರಡೂ ಕೈ ಬಾಯಿಗೆ ಹಚ್ಚಿ ನಿಂತಿದ್ದರು.

ಅವ್ವ ಬಚ್ಚಲಿನಿಂದ ಬಂದಳು. ಮೊಣಕೈವರೆಗೆ ಸಾಬೂನು ನೊರೆ. ಅವಳು ಓಡಲಿಲ್ಲ. ಹಕ್ಕಿಯ ಕಡೆ ನೋಡಲೂ ಇಲ್ಲ, ನೆಲ ನೋಡುತ್ತಾ ಪುಟ್ಟಿಯ ಹತ್ತಿರ ನಡೆದು ಮಗುವನ್ನು ಸೊಂಟಕ್ಕೆ ಎತ್ತಿ ಹಿಂದಕ್ಕೆ ದಾಟಿಸಿದಳು. ಗಾಜು ಮುಚ್ಚಿದಳು, ಲೈಟು ಆರಿಸಿದಳು. ದಪ್ಪ ಪರದೆಯನ್ನು ಗೇಣು ಗೇಣಾಗಿ ಎಳೆದಳು. ಹಾಲ್ ಕತ್ತಲಾಯಿತು. ಆ ಕತ್ತಲಲ್ಲಿ ಅವಳ ಬಾಯಿಂದ ನಾನು ಎಂದೂ ಕೇಳದ ಒಂದು ಸದ್ದು ಬಂತು, ಮೆಲ್ಲಗೆ, ತಾಳ ತಪ್ಪದೆ, ಕೂಸು ಮಲಗಿಸುವ ಹಾಗೆ. ಆಮೇಲೆ ಗಟ್ಟಿ ದನಿಯಲ್ಲಿ, ಮೂರು ವರ್ಷ ನಿಷೇಧಿಸಿದ್ದ ಅದೇ ನಮ್ಮ ಮಾತಿನಲ್ಲಿ, ಎಲ್ಲರಿಗೂ ಕೇಳುವಂತೆ ನನಗೆ ಹೇಳಿದಳು: ಬಟ್ಟೆ ತಾ, ಹಿಂದಿನಿಂದ ಬಾ, ಸದ್ದು ಮಾಡಬೇಡ. ನಾನು ಕೆಂಪು ಬಟ್ಟೆ ತಂದುಕೊಟ್ಟೆ. ಅವಳು ಸ್ಟೂಲು ಹತ್ತಿದ್ದು ಕಂಡಿತು, ಕೈ ಮೇಲೆ ಹೋದದ್ದು ಕಾಣಲಿಲ್ಲ. ಲೈಟು ಹಾಕಿದಾಗ ಹಕ್ಕಿ ಅವಳ ಎದೆಗೆ ಒರಗಿತ್ತು, ಎರಡೂ ಕಾಲು ಒಂದೇ ಮುಷ್ಟಿಯಲ್ಲಿ, ರೆಕ್ಕೆಗಳು ಮಡಿಚಿ ಮೊಣಕೈ ಕೆಳಗೆ. ಒಂದು ಗರಿಯೂ ಬಾಗಿರಲಿಲ್ಲ. ಅವ್ವನ ಮುಖ! ನನ್ನ ಅವ್ವ ಅಷ್ಟು ಚಂದ ಇದ್ದಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಸೆರಗು ಜಾರಿ, ಕೂದಲು ಬಿಚ್ಚಿ, ಬೆವತು, ನಗುತ್ತಿದ್ದಳು.

ಆಂಟಿ ಪುಟ್ಟಿಯನ್ನು ಅವಚಿಕೊಂಡು ನೋಡುತ್ತಲೇ ಇದ್ದರು. ಆಮೇಲೆ ನಿಧಾನವಾಗಿ ಕೇಳಿದರು, "ಎಲ್ಲಿ ಕಲತ್ರಿ ಇದನ್ನ? ಅದು... ಅದ್ಯಾವ ಭಾಷಾರೀ?"

ಅವ್ವನ ನಗು ನಿಂತಿತು. ಕೋಣೆ ಹೋಯಿತು ಅಂದುಕೊಂಡೆ. ಎರಡೂ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ.

"ಮರಾಠಿ, ಆಂಟಿ! ಅವ್ವನ ತವರಮನಿ ಸೊಲ್ಲಾಪುರ ಕಡೆ. ಅಜ್ಜ ದನದ ದವಾಖಾನ್ಯಾಗ ಕಂಪೌಂಡರ್ ಇದ್ದರಂತ. ಹಕ್ಕಿ, ಮಂಗ್ಯಾ ಎಲ್ಲಾ ತರ್ತಿದ್ರಂತ ಔಷಧಕ್ಕ. ಒಮ್ಮೆ ನವಿಲೂ ಬಂದಿತ್ತಂತ, ಕಾಲಿಗೆ ಪ್ಲಾಸ್ಟರ್ ಹಾಕಿದ್ರಂತ."

"ಹೌದೇನ!" ಅಂದರು ಆಂಟಿ. ಅವರ ಮುಖ ಅರಳಿತು. "ಅದಕ್ಕಽ! ನನ್ನ ಕೂಸಿನ ಕಣ್ಣ ಉಳಿಸಿದ್ರಿ ನೋಡ್ರಿ ಇವತ್ತ." ಅವ್ವನ ಎರಡೂ ಭುಜ ಹಿಡಿದು ಅತ್ತೇಬಿಟ್ಟರು.

ನಾನು ಗೆದ್ದೆ ಅಂದುಕೊಂಡಿದ್ದೆ. ಅವ್ವ ಹೊಗಳುತ್ತಾಳೆ ಎಂದು ಅವಳ ಹಿಂದೆಯೇ ಕೋಣೆಗೆ ಹೋದೆ. ಅವಳು ಹಕ್ಕಿಗೆ ಟೊಪ್ಪಿಗೆ ಹಾಕಿ, ಬಾರು ಬಿಗಿದು, ನೆಲದ ಮೇಲೆ ಚೆಲ್ಲಿದ ಹೆಸರುಕಾಳು ಒಂದೊಂದೇ ಆರಿಸಿದಳು. ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ನೋಡಲಿಲ್ಲ.

ಸಂಜೆ ಬೂ ಸಾಲೆಂ ಬಂದ. ಚಳಿ ಬಿದ್ದಿತ್ತು, ಒಳಗೆ ಕುರಿತುಪ್ಪಳ ಹೊಲಿದ ಉದ್ದನೆಯ ನಿಲುವಂಗಿ, ಅವರ ಫರ್ವಾ, ತೊಟ್ಟಿದ್ದ. ಹಾಲಿನಲ್ಲಿ ಅವನು, ಅಪ್ಪ, ಮಹಾಂತೇಶ ಅಂಕಲ್ ಕೂತರು. ಆಂಟಿ ಏಲಕ್ಕಿ ಚಹಾ ಮಾಡಿ ತಂದು, ಬೆಳಗಿನ ಕತೆಯನ್ನು ತಮ್ಮ ಅರ್ಧಂಬರ್ಧ ಹಿಂದಿಯಲ್ಲಿ ಅವನಿಗೆ ಸಡಗರದಿಂದ ಹೇಳಿದರು. ಬೂ ಸಾಲೆಂ ಚಹಾದ ಗ್ಲಾಸು ಕೆಳಗಿಟ್ಟ. ಹಕ್ಕಿಯನ್ನು ಕೈಮೇಲೆ ಕೂರಿಸಿಕೊಂಡು ಬಾಲದ ಗರಿ ಒಂದೊಂದೇ ಬೆರಳಲ್ಲಿ ಸರಿಸಿ ನೋಡಿದ. ರೆಕ್ಕೆ ಬಿಡಿಸಿ ನೋಡಿದ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಕಡೆ ಅವನು ತಿರುಗಲಿಲ್ಲ, ಪರರ ಹೆಂಗಸನ್ನು ನೇರ ಮಾತಾಡಿಸುವುದು ಅವರಲ್ಲಿ ಸಲ್ಲದು. ನನ್ನನ್ನು ಹತ್ತಿರ ಕರೆದ. ಅವನ ಹಿಂದಿ ನಮಗೆಲ್ಲರಿಗೂ ತಿಳಿಯುತ್ತಿತ್ತು.

"ಮಗಳೇ, ನಮ್ಮ ಡೇರೆಯಲ್ಲಿ ನಲವತ್ತು ವರ್ಷ ಹಕ್ಕಿ ಹಿಡಿದ ಗಂಡಸರಿದ್ದಾರೆ. ಬಿಡಿಸಿಕೊಂಡ ಶಾಹೀನನ್ನು ಬಲೆಯಿಲ್ಲದೆ, ಗರಿ ಕೆಡದಂತೆ ಹಿಡಿಯುವವರು ಒಬ್ಬರಿಲ್ಲ. ಇದು ಒಬ್ಬರು ಕಲಿಸಿ ಬರುವ ಕೈ ಅಲ್ಲ, ಕುಲದಿಂದ ಬರುವ ಕೈ. ನಿಮ್ಮ ಕುಲ ಯಾವುದು?"

ಆ ಪ್ರಶ್ನೆ ನಾನು ಹುಟ್ಟಿದಾಗಿನಿಂದ ಕೇಳಿದ್ದೇ. ಆದರೆ ಯಾರೂ ಹೀಗೆ, ಎದೆಯ ಮೇಲೆ ಕೈಯಿಟ್ಟು ಕೇಳಿರಲಿಲ್ಲ. ಅಪ್ಪ ನೆಲ ನೋಡುತ್ತಿದ್ದ. ಆಂಟಿ ನಗುತ್ತಾ ನನಗೆ ಸೂಚನೆ ಕೊಟ್ಟರು, "ಹೇಳವ್ವಾ, ದವಾಖಾನಿದು ಹೇಳು, ನವಿಲಿಂದು." ಕಂಪೌಂಡರ್ ಅಜ್ಜ ನಾಲಿಗೆಯ ತುದಿಯಲ್ಲೇ ಇದ್ದ. ನಾನು ಅವ್ವನ ಕಡೆ ನೋಡಿದೆ. ನಮ್ಮಲ್ಲಿ ಒಂದು ಸನ್ನೆಯಿತ್ತು: ಸುಮ್ಮನಿರು ಎನ್ನಬೇಕಾದರೆ ಅವ್ವ ಸೆರಗಿನ ತುದಿ ಹಿಡಿದು ಹೆಗಲಿಗೆ ಹೊದೆಯುತ್ತಿದ್ದಳು. ನಾನು ಕಾದೆ. ಅವ್ವನ ಕೈ ಸೆರಗಿನ ಮೇಲೆಯೇ ಇತ್ತು. ಅಲುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಬೆಳಗಿನಿಂದ ಮೊದಲ ಸಲ.

"ಹರಣಶಿಕಾರಿ," ಅಂದೆ. ಇನ್ನೊಮ್ಮೆ ಹೇಳಿದೆ. "ನಾವು ಹರಣಶಿಕಾರಿಗಳು."

ಬೂ ಸಾಲೆಂ ಆ ಹೆಸರನ್ನು ತನ್ನ ನಾಲಿಗೆಯಲ್ಲಿ ತಿರುವಿ ತಿರುವಿ ಎರಡು ಸಲ ಹೇಳಿಕೊಂಡ. ಎದ್ದು ತನ್ನ ಫರ್ವಾ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಅದು ಈ ಹುಡುಗಿಯ ತಾಯಿಗೆ ಎಂದು ಅಪ್ಪನಿಗೆ ಹೇಳಿ, ಹಕ್ಕಿ ತಗೊಂಡು ಇಳಿದುಹೋದ. ಆಂಟಿ ಚಹಾದ ಗ್ಲಾಸುಗಳನ್ನು ಎತ್ತಲು ಬಗ್ಗಿದವರು ಎತ್ತದೆ ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದರು. ಗ್ಲಾಸುಗಳನ್ನು ಅವ್ವ ತೊಳೆದಳು.

ಎರಡು ದಿನ ಬಿಟ್ಟು ಮಹಾಂತೇಶ ಅಂಕಲ್, "ತಪ್ಪ ತಿಳಕೋಬ್ಯಾಡ್ರಿ, ನಮ್ಮ ತಮ್ಮ ಬರಾವದಾನ, ತಿಂಗಳ ಕೊನೀಗೆ ಬ್ಯಾರೆ ಕಡೆ ನೋಡ್ಕೊಂಡ್ರ..." ಅಂದರು. ತಮ್ಮ ಬರಲಿಲ್ಲ ಎಂದು ಆಮೇಲೆ ಅಪ್ಪ ಬರೆದ. ಹೊರಡುವ ದಿನ ಶಾಂತಾ ಆಂಟಿ ನನ್ನ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟು ತಲೆ ಸವರಿದರು. ಅವ್ವನ ಮುಖ ನೋಡಲಿಕ್ಕೆ ಅವರಿಂದ ಆಗಲಿಲ್ಲ. ಅಪ್ಪ ಕ್ಯಾಂಪಿಗೆ ಹೋದ, ನಾವು ಸೆಟ್ಲಮೆಂಟಿಗೆ. ಎರಡು ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ನೋಡುತ್ತಾ, ಮತ್ತೆ ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ಬೆಳೆದೆ. ಪ್ರತಿ ಸಲ ಅಪ್ಪ ವಾಪಸು ಹೊರಟಾಗ ನನಗೆ ಅನ್ನಿಸುತ್ತಿತ್ತು, ಒಂದು ಶಬ್ದ ನುಂಗಿಕೊಂಡಿದ್ದರೆ ಇವನು ನಮ್ಮ ಜೊತೆ ಇರುತ್ತಿದ್ದ. ಅವ್ವನ ಮೇಲೂ ಸಿಟ್ಟಿತ್ತು. ಸೆರಗು ಎಳೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಕೇಳಲಿಕ್ಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು. ಗದಗಿನ ಬಿಸಿಲಿಗೆ ಫರ್ವಾ ಯಾವ ಉಪಯೋಗಕ್ಕೂ ಬಾರದು, ಆದರೂ ಅವ್ವ ವರ್ಷಕ್ಕೊಮ್ಮೆ ಅದನ್ನು ಟ್ರಂಕಿನಿಂದ ತೆಗೆದು ಅಂಗಳದ ಮಂಚದ ಮೇಲೆ ಒಣಹಾಕುತ್ತಾಳೆ. ಹಾಗೆ ಒಣಹಾಕಿ, ತುಪ್ಪಳದೊಳಗಿನ ನುಸಿ ಕೊಡವುತ್ತಾ ಕೂತಿದ್ದಾಗ ನಮ್ಮ ಮಾತಿನಲ್ಲೇ ಕೇಳಿದೆ. ಅವತ್ತು ಸಂಜೆ ಯಾಕೆ ಸನ್ನೆ ಮಾಡಲಿಲ್ಲ? ರೂಮು ಹೋಗುತ್ತದೆಂದು ಹೆದರಿಕೆ ಆಗಲಿಲ್ಲವಾ?

ಅವ್ವ ಕೊಡವುವುದನ್ನು ನಿಲ್ಲಿಸಲಿಲ್ಲ.

"ಆಗಿತ್ತು. ಆದ್ರ ಮುಂಜಾನೆ ನೀ ಆ ಸುಳ್ಳ ಹೇಳಿದ್ಯಲ್ಲ, ಕಂಪೌಂಡರಂದು, ನವಿಲಿಂದು... ಭಾಳ ಚಂದ ಹೇಳಿದಿ. ನನಗ ಅದರದಽ ಜಾಸ್ತಿ ಹೆದರಿಕಿ ಆತು."